ನಮ್ಮ ಜಾಗ, ನಮ್ಮಿಷ್ಟ ಅಲ್ವಾ ತಾತ?

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅನ್ನುವ ಗಾದೆ ನಿಮಗೆಲ್ಲ ಗೊತ್ತು. ಎರಡು ಕೆಲಸದಲ್ಲೂ ಕೈಯಲ್ಲಿದ್ದ ದುಡ್ಡು ಕರಗುತ್ತದೆ, ರಾತ್ರಿಯ ನಿದ್ದೆ ಹಾರುತ್ತದೆ ಅನ್ನುವುದು ಹಿರಿಯರ ಅನುಭವ. ಮದುವೆಯ ವಿಷಯವನ್ನು ನಿಮ್ಮ ಅಜ್ಜಿಯರಿಗೆ ಬಿಟ್ಟುಬಿಡುತ್ತೇನೆ. ಮನೆಯ ವಿಷಯ ಮಾತ್ರ ನನಗೆ ಕೊಂಚ ಗೊತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆ, ಆಸ್ಪತ್ರೆ, ವಸತಿಗೃಹಗಳ ಕಟ್ಟಡ ಕೆಲಸ ನೋಡಿಕೊಂಡು ನಿವೃತ್ತನಾದವನು ನಾನು. ಈಗ ಹಾಸನದಲ್ಲಿ ನನ್ನ ಮಗಳು, ಅಳಿಯ ಮನೆ ಕಟ್ಟಿಸುತ್ತಿದ್ದಾರೆ. ಸಂಜೆ ಶಾಲೆ ಬಿಟ್ಟ ಮೇಲೆ ಏಳನೇ ತರಗತಿಯ ಮೊಮ್ಮಗಳು ನನ್ನ ಜೊತೆ ಅಲ್ಲಿಗೆ ಬರುತ್ತಾಳೆ. ಬಂದವಳು ಸುಮ್ಮನಿರುವುದಿಲ್ಲ. ಅವಳು ಕೇಳಿದ ಪ್ರಶ್ನೆಗಳಿಂದಲೇ ಈ ವಾರದ ಪುಟ ತುಂಬಿದೆ.

ಕಾಗದದ ಮೇಲಿನ ಮನೆ

ಮನೆ ಮೊದಲು ಕಾಗದದ ಮೇಲೆ ಏಳಬೇಕು ಮಕ್ಕಳೇ. ಸೈಟು ಯಾರ ಹೆಸರಿನಲ್ಲಿದೆ ಅನ್ನುವುದಕ್ಕೆ ಖಾತೆ ಬೇಕು. ಅದರ ನಾಲ್ಕು ದಿಕ್ಕಿಗೂ ಏನೇನಿದೆ ಅನ್ನುವುದಕ್ಕೆ ಚೆಕ್ಕುಬಂದಿ ಬೇಕು. ಆಮೇಲೆ ಎಂಜಿನಿಯರು ನಕ್ಷೆ ಬರೆಯುತ್ತಾರೆ. ನಕ್ಷೆಯ ಮೂಲೆಯಲ್ಲಿ 1:100 ಎಂದು ಬರೆದಿದ್ದರೆ, ಕಾಗದದ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಒಂದು ಮೀಟರು ಎಂದು ಓದಿಕೊಳ್ಳಬೇಕು. ಆ ನಕ್ಷೆಯನ್ನು ಹಳ್ಳಿಯಾದರೆ ಗ್ರಾಮ ಪಂಚಾಯಿತಿಗೆ, ಊರು ದೊಡ್ಡದಾದರೆ ಪುರಸಭೆ, ನಗರಸಭೆ ಅಥವಾ ಪಾಲಿಕೆಗೆ ಕೊಟ್ಟು ಪರವಾನಗಿ ಪಡೆಯಬೇಕು.

"ನಮ್ಮ ದುಡ್ಡು, ನಮ್ಮ ಜಾಗ, ನಮ್ಮಿಷ್ಟ ಅಲ್ವಾ ತಾತ? ಯಾರನ್ನೋ ಯಾಕೆ ಕೇಳಬೇಕು?" ಇದು ಅವಳ ಮೊದಲ ಪ್ರಶ್ನೆ.

ಮನೆ ಕಟ್ಟುವವರಿಗೆ ಕಾನೂನು ಇರಬೇಕು ಅನ್ನುವುದು ಇಂದು ನಿನ್ನೆಯ ಮಾತಲ್ಲ ಎಂದು ಅವಳಿಗೆ ಹೇಳಿದೆ. ಈಗ ಇರಾಕ್ ಎಂದು ಕರೆಯುವ ದೇಶದಲ್ಲಿ ಹಿಂದೆ ಬ್ಯಾಬಿಲೋನ್ ಎಂಬ ರಾಜ್ಯವಿತ್ತು. ಸುಮಾರು 3,750 ವರ್ಷಗಳ ಹಿಂದೆ ಅಲ್ಲಿನ ದೊರೆ ಹಮ್ಮುರಬಿ ಕಲ್ಲಿನ ಮೇಲೆ ಕಾನೂನುಗಳನ್ನು ಕೆತ್ತಿಸಿದ. ಕೆಲಸ ಗಟ್ಟಿಯಿಲ್ಲದೆ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ; ಗೋಡೆ ಬೀಳುವ ಹಾಗಿದ್ದರೆ ಕಟ್ಟಿದವನೇ ತನ್ನ ಖರ್ಚಿನಲ್ಲಿ ಗಟ್ಟಿ ಮಾಡಿಕೊಡಬೇಕು ಎಂದು ಅದರಲ್ಲಿದೆ. "ಇದನ್ನ ಮೇಸ್ತ್ರಿ ಮಾಮನಿಗೆ ಹೇಳಲಾ?" ಎಂದು ಎದ್ದೇಬಿಟ್ಟಳು. ಬೇಡಮ್ಮ, ಅವರಿಗೆ ಊಟದ ಹೊತ್ತು ಎಂದು ಕೂರಿಸಿದೆ. ಇನ್ನೊಂದು ಕಥೆ ಲಂಡನ್ನಿನದು. 1666ರಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿತ್ತು. ಮರದ ಮನೆಗಳು ಒಂದಕ್ಕೊಂದು ಒತ್ತಿಕೊಂಡಿದ್ದ ಕಿರಿದಾದ ಬೀದಿಗಳಲ್ಲಿ ಬೆಂಕಿ ಒಂದು ಸೂರಿನಿಂದ ಇನ್ನೊಂದಕ್ಕೆ ಹಾರುತ್ತಾ ಹೋಯಿತು. ಮರುವರ್ಷವೇ, ಇನ್ನು ಮೇಲೆ ಇಟ್ಟಿಗೆ ಅಥವಾ ಕಲ್ಲಿನಲ್ಲೇ ಕಟ್ಟಬೇಕು ಎಂದು ಕಾಯ್ದೆ ಬಂತು.

ನಮ್ಮ ದೇಶದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983, 2005 ಮತ್ತು 2016ರಲ್ಲಿ ಅದನ್ನು ತಿದ್ದಿ ಹೊಸದು ಮಾಡಿದ್ದಾರೆ. ಕೋಣೆ ಎಷ್ಟಿರಬೇಕು, ಮೆಟ್ಟಿಲು ಹೇಗಿರಬೇಕು ಎಂದು ಅದು ದಾರಿ ತೋರಿಸುತ್ತದೆ. ನಿಮ್ಮೂರಿನಲ್ಲಿ ಪಾಲಿಸಲೇಬೇಕಾದದ್ದು ನಿಮ್ಮೂರಿನ ಕಟ್ಟಡ ಉಪವಿಧಿ. ಅದು ಊರಿನಿಂದ ಊರಿಗೆ, ಸೈಟಿನ ಅಳತೆಯಿಂದ ಅಳತೆಗೆ ಬದಲಾಗುತ್ತದೆ.

ನಮ್ಮದು 30 ಅಡಿ ಅಗಲ, 40 ಅಡಿ ಉದ್ದದ ಸೈಟು. ಮಂಜೂರಾದ ನಕ್ಷೆಯಲ್ಲಿ ಎರಡು ಪಕ್ಕಕ್ಕೂ ಮೂರು ಮೂರು ಅಡಿ ಖಾಲಿ ಬಿಡಬೇಕೆಂದಿದೆ. ಒಂದು ಪಕ್ಕದ್ದನ್ನೇ ಲೆಕ್ಕ ಹಾಕಿ: 3ನ್ನು 40ರಿಂದ ಗುಣಿಸಿದರೆ 120 ಚದರ ಅಡಿ. ಇಡೀ ಸೈಟು 1,200 ಚದರ ಅಡಿ. ಅಂದರೆ ಹತ್ತರಲ್ಲಿ ಒಂದು ಪಾಲು! ದುಡ್ಡು ಕೊಟ್ಟು ಕೊಂಡ ಜಾಗದಲ್ಲಿ ಅಷ್ಟನ್ನು ಖಾಲಿ ಬಿಡಲು ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ದಾರ, ಗುಂಡು, ನೀರು

ಗುದ್ದಲಿ ಪೂಜೆಯಾದ ಮೇಲೆ ನೆಲದ ಮೇಲೆ ಗುರುತು ಹಾಕುತ್ತಾರೆ. ಮೂಲೆ ನೇರವಾಗಿದೆಯೋ ಇಲ್ಲವೋ ಎಂದು ಮೇಸ್ತ್ರಿ ಹೇಗೆ ನೋಡುತ್ತಾರೆ ಗೊತ್ತೇ? ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ, ಇನ್ನೊಂದು ದಾರದ ಮೇಲೆ 4 ಅಡಿಗೆ ಗುರುತು ಮಾಡುತ್ತಾರೆ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. 9ಕ್ಕೆ 16 ಕೂಡಿದರೆ 25. ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯ ಎಂದು ಕಲಿಯುವುದು ಇದನ್ನೇ. ನಮ್ಮ ಮೇಸ್ತ್ರಿ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೂ ಈ ಲೆಕ್ಕ ಅವರ ಬೆರಳ ತುದಿಯಲ್ಲಿದೆ.

ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು. ದಾರದ ತುದಿಯ ಗುಂಡು ಭೂಮಿಯ ಸೆಳೆತಕ್ಕೆ ನೇರ ಕೆಳಗೆ ಇಳಿಯುತ್ತದೆ, ಎಂದೂ ತಪ್ಪುವುದಿಲ್ಲ. ಈ ಮೂಲೆಯ ಮಟ್ಟ ಆ ಮೂಲೆಯ ಮಟ್ಟಕ್ಕೆ ಸಮವಿದೆಯೇ ಎಂದು ನೋಡಲು ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಮಾತ್ರ ಇರಬಾರದು.

ಮಣ್ಣು ನೋಡಿ ಪಾಯ

ಪಾಯ ಎಷ್ಟು ಆಳ ಅನ್ನುವುದನ್ನು ಮಣ್ಣು ಹೇಳುತ್ತದೆ. ನಮ್ಮ ಸೈಟಿನಲ್ಲಿ ಕೆಮ್ಮಣ್ಣು, ಅದರ ಕೆಳಗೆ ಗಟ್ಟಿ ನೆಲ ಸಿಕ್ಕಿತು. ಬಯಲುಸೀಮೆಯ ಎರೆಮಣ್ಣಿನ ಕಥೆ ಬೇರೆ. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಮೇಲುಮೇಲಕ್ಕೆ ಪಾಯ ಹಾಕಿದರೆ ಮನೆಯೂ ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಡುತ್ತದೆ, ಗೋಡೆ ಸೀಳುತ್ತದೆ. ಹಾಗಾಗಿ ಅಂಥ ಕಡೆ ಉಬ್ಬುವ ಮಣ್ಣನ್ನು ದಾಟಿ ಆಳಕ್ಕೆ ಹೋಗಬೇಕು.

ಗೋಡೆ ಬಾಗಿಲಿನ ಮೇಲಕ್ಕೆ ಬಂದಾಗ ಲಿಂಟಲ್ ಹಾಕುತ್ತಾರೆ. ಬಾಗಿಲು ಕಿಟಕಿಗಳ ಮೇಲೆ ಮಾತ್ರ ತುಂಡು ತುಂಡಾಗಿ ಹಾಕದೆ, ಎಲ್ಲ ಗೋಡೆಗಳ ಮೇಲೂ ಸೊಂಟಪಟ್ಟಿಯ ಹಾಗೆ ಸುತ್ತಿಸಿದರೆ ಭೂಮಿ ಅಲುಗಿದಾಗ ಗೋಡೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಯಿಂದ ಬಹಳ ದೂರವಿಲ್ಲದ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಮಣ್ಣಿನ ಗಾರೆಯಲ್ಲಿ ಕಟ್ಟಿದ್ದ ದಪ್ಪ ಕಲ್ಲಿನ ಗೋಡೆಗಳು ಕುಸಿದು, ಮಲಗಿದ್ದ ಸಾವಿರಾರು ಜನ ಮೇಲೇಳಲೇ ಇಲ್ಲ. ಗೋಡೆ ದಪ್ಪವಿದ್ದರೆ ಸಾಲದು, ಕಟ್ಟು ಇರಬೇಕು ಎಂದು ಆ ದಿನ ಕಲಿಸಿತು.

ಸೀಮೆಸುಣ್ಣದ ಪಾಠ

"ಕಾಂಕ್ರೀಟು ಕಲ್ಲಿನಷ್ಟು ಗಟ್ಟಿ ಅಂತೀಯಲ್ಲ, ಹಾಗಾದರೆ ಒಳಗೆ ಕಬ್ಬಿಣ ಯಾಕೆ?" ಇದು ಎರಡನೇ ಪ್ರಶ್ನೆ. ಅವಳ ಚೀಲದಿಂದ ಒಂದು ಸೀಮೆಸುಣ್ಣ ತೆಗೆಸಿದೆ. ಎರಡು ತುದಿ ಹಿಡಿದು ಉದ್ದಕ್ಕೆ ಒತ್ತು ಅಂದೆ. ಮುರಿಯಲಿಲ್ಲ. ಈಗ ಬಾಗಿಸು ಅಂದೆ. ಟಕ್ ಎಂದು ಮುರಿಯಿತು. ಕಾಂಕ್ರೀಟೂ ಹಾಗೆಯೇ. ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆದರೆ ಸೋಲುತ್ತದೆ, ಎಳೆತ ತಾಳುವ ಶಕ್ತಿ ಒತ್ತಡ ತಾಳುವ ಶಕ್ತಿಯ ಹತ್ತನೇ ಒಂದು ಭಾಗದಷ್ಟು ಮಾತ್ರ. ತಾರಸಿ ತನ್ನ ಭಾರಕ್ಕೆ ನಡುವೆ ಬಾಗಲು ನೋಡಿದಾಗ ಅದರ ಅಡಿಭಾಗ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಅಲ್ಲಿ ಕಂಬಿ ಕೆಳಗಡೆ ಇರಬೇಕು.

ಗೋಡೆಯಿಂದ ಹೊರಕ್ಕೆ ಚಾಚಿದ ಸಜ್ಜ, ಬಾಲ್ಕನಿಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಎಳೆತ ಬೀಳುವುದು ಮೇಲ್ಭಾಗಕ್ಕೆ, ಆದ್ದರಿಂದ ಮುಖ್ಯ ಕಂಬಿ ಮೇಲಿರಬೇಕು. ಕಾಂಕ್ರೀಟು ಹಾಕುವವರು ಅದರ ಮೇಲೆ ಓಡಾಡಿ ಕಂಬಿಯನ್ನು ಕೆಳಕ್ಕೆ ತುಳಿದುಬಿಟ್ಟರೆ ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಸಜ್ಜ ಮುರಿದು ಬಿದ್ದ ದಿನ ಗೊತ್ತಾಗುತ್ತದೆ.

ಅಜ್ಜಂದಿರೇ, ಮೋಲ್ಡ್ ಹಾಕುವ ದಿನ ನೀವು ಕುರ್ಚಿ ಹಾಕಿಕೊಂಡು ಕೂತು ಮೂರು ವಿಷಯ ಗಮನಿಸಿ. ಒಂದು, ಕಂಬಿಗೂ ಸೆಂಟ್ರಿಂಗ್ ಹಲಗೆಗೂ ನಡುವೆ ಬಿಲ್ಲೆ ಕೊಟ್ಟಿದ್ದಾರೆಯೇ? ತಾರಸಿಗೆ ಕನಿಷ್ಠ 20 ಮಿಲಿಮೀಟರು ಅಂತರ ಬೇಕು, ಇಲ್ಲದಿದ್ದರೆ ಕಂಬಿಗೆ ತುಕ್ಕು ಹಿಡಿಯುತ್ತದೆ. ಎರಡು, ಅಳತೆ. ಮನೆಗಳಿಗೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಮೂರು, ನೀರು. 50 ಕಿಲೋ ಮೂಟೆಯೊಂದಕ್ಕೆ ಸುಮಾರು 25ರಿಂದ 27 ಲೀಟರು ಸಾಕು. ಸುರಿಯಲು ಸಲೀಸಾಗಲಿ ಎಂದು ಬಕೆಟ್ಟುಗಟ್ಟಲೆ ಸುರಿದರೆ, ಆ ಹೆಚ್ಚಿನ ನೀರು ಆರಿದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ, ಬಲ ಕುಗ್ಗುತ್ತದೆ.

ಚಾಚಬೇಕಿದ್ದ ಕೋಣೆ

ನೆಲಮಹಡಿಯ ಮೋಲ್ಡ್‌ಗೆ ನಾಲ್ಕು ದಿನವಿತ್ತು. ಸಂಜೆ ಅಳಿಯಂದಿರು ಬಂದು, "ಮಾವ, ಮಹಡಿ ಮೇಲೆ ಪಕ್ಕಕ್ಕೆ ಮೂರಡಿ ಚಾಚಿಬಿಡೋಣ. ಕೆಳಗೆ ಹೇಗೂ ಬಿಟ್ಟಿದ್ದೀವಲ್ಲ. ಬೀದೀಲಿ ಎಲ್ಲರೂ ಹಾಗೇ ಮಾಡಿದ್ದಾರೆ. ಪುಟ್ಟಿ ಕೋಣೆ ದೊಡ್ಡದಾಗತ್ತೆ" ಅಂದರು. ಅವರ ಮಾತಿನಲ್ಲಿ ದುರಾಸೆ ಇರಲಿಲ್ಲ. ಬ್ಯಾಂಕಿನ ಸಾಲ ತಲೆಯ ಮೇಲಿದೆ. ಅಷ್ಟು ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಮಗಳಿಗೆ ಒಂದು ಒಳ್ಳೆಯ ಕೋಣೆ ಬೇಡವೇ ಅನ್ನುವ ಸಂಕಟ. "ಎರಡು ಬೀಮ್ ಮುಂದಕ್ಕೆ ಬಿಟ್ಟರಾಯ್ತು ಸಾರ್" ಎಂದು ಮೇಸ್ತ್ರಿ ದನಿಗೂಡಿಸಿದರು. ಪುಟ್ಟಿಯಂತೂ ಚಾಚಿದ ಜಾಗದಲ್ಲಿ ಮೇಜು ಎಲ್ಲಿ, ಪುಸ್ತಕದ ಕಪಾಟು ಎಲ್ಲಿ ಎಂದು ಆಗಲೇ ಸುಣ್ಣದಲ್ಲಿ ಗೆರೆ ಎಳೆದಿದ್ದಳು.

ನಾನು ಮೊದಲು ಕಟ್ಟಡದ ಮಾತು ಹೇಳಿದೆ. ಚಾಚಿದ ತುದಿಯಲ್ಲಿ ಗೋಡೆಯ ಭಾರ ಕೂರುತ್ತದೆ, ಎಂಜಿನಿಯರು ಅದಕ್ಕೆ ಲೆಕ್ಕ ಹಾಕಿ ಕಂಬಿ ಕೊಟ್ಟಿಲ್ಲ. ಹೊರಗೋಡೆಗೆ ಗಾರೆ ಮಾಡಲು, ಮುಂದೆ ಬಣ್ಣ ಬಳಿಯಲು, ಪೈಪು ಸರಿಮಾಡಲು ಸಾರುವೆ ನಿಲ್ಲಿಸುವುದು ಆ ಖಾಲಿ ಜಾಗದಲ್ಲೇ. ನಕ್ಷೆ ಮೀರಿದರೆ ಕೊನೆಯಲ್ಲಿ ಸ್ವಾಧೀನಾನುಭವ ಪತ್ರಕ್ಕೆ ಅಲೆದಾಟ. "ದಂಡ ಕಟ್ಟಿದರಾಯ್ತು ಬಿಡಿ ಮಾವ" ಅಂದರು. ಆ ಮಾತಿಗೆ ನಾನು ಏನೂ ಹೇಳಲಿಲ್ಲ.

ಆ ಪಕ್ಕದಲ್ಲಿ ಒಬ್ಬರೇ ಇರುವ ವಯಸ್ಸಾದ ಅಜ್ಜಿಯ ಮನೆ. ಒಂದೇ ಮಹಡಿಯ ಹಳೆಯ ಮನೆ. ಅವರ ಅಡುಗೆಮನೆಯ ಕಿಟಕಿ ಇರುವುದು ನಮ್ಮ ಕಡೆಗೆ. ಅವರೂ ಮೂರಡಿ ಬಿಟ್ಟಿದ್ದಾರೆ, ನಾವೂ ಬಿಟ್ಟಿದ್ದೇವೆ. ನಡುವೆ ಆರಡಿ ಆಕಾಶ. ಭಾನುವಾರ ಮಧ್ಯಾಹ್ನ ಪುಟ್ಟಿ ಅವರಿಗೆ ಒಬ್ಬಟ್ಟು ಕೊಟ್ಟು ಬರಲು ಹೋದಳು. ಕರೆಂಟು ಇರಲಿಲ್ಲ. ಅಜ್ಜಿ ಕಿಟಕಿಯ ಕೆಳಗೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರಂತೆ. ವಾಪಸು ಬಂದವಳು ಆ ಸಂದಿಯಲ್ಲಿ ನಿಂತು ತಲೆ ಎತ್ತಿ ನೋಡಿದಳು. "ತಾತ, ನನ್ನ ಕೋಣೆ ಇಲ್ಲಿವರೆಗೂ ಬಂದರೆ ಅಜ್ಜಿಗೆ ಬೆಳಕು ಎಲ್ಲಿಂದ ಬರತ್ತೆ?"

ಬಾಯಲ್ಲಿ ಹೇಳುವುದಕ್ಕಿಂತ ನೋಡುವುದು ಮೇಲು ಎಂದು, ಕೆಲಸದ ಇಬ್ಬರು ಹುಡುಗರಿಗೆ ಹೇಳಿ ಸೆಂಟ್ರಿಂಗ್ ಮಟ್ಟದಿಂದ ಮೂರಡಿ ಹೊರಕ್ಕೆ ಬಿದಿರು ಚಾಚಿ ಅದರ ಮೇಲೆ ಟಾರ್ಪಾಲು ಹಾಸಿಸಿದೆ. ಅಳಿಯಂದಿರೂ ಅಲ್ಲೇ ನಿಂತಿದ್ದರು. ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು: "ಮೋಡ ಕವೀತೇನೋ, ಒಣಗಾಕಿರೋ ಬಟ್ಟೆ ತಗೀಬೇಕು." ಅಳಿಯಂದಿರು ಒಂದು ಕ್ಷಣ ಸುಮ್ಮನಿದ್ದು, "ಇಳಿಸ್ರಪ್ಪ ಅದನ್ನ" ಅಂದರು. ಅಷ್ಟೇ. ಆ ಮಾತು ಮತ್ತೆ ಏಳಲಿಲ್ಲ.

ಪುಟ್ಟಿಗೆ ಬೇಸರವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ರಾತ್ರಿ ಊಟಕ್ಕೆ ಮುಖ ಊದಿಸಿಕೊಂಡೇ ಕೂತಳು. ಮರುದಿನ ಅಪ್ಪನ ಜೊತೆ ಚೌಕಾಸಿಗೆ ಇಳಿದಳು. ಅವಳ ಕೋಣೆ ಈಗ ಒಂಬತ್ತೂವರೆ ಅಡಿ ಅಗಲ, ಹನ್ನೊಂದು ಅಡಿ ಉದ್ದ; 104.5 ಚದರ ಅಡಿ, ಅಂದರೆ ಸುಮಾರು 9.7 ಚದರ ಮೀಟರು. ವಾಸದ ಕೋಣೆ ಕನಿಷ್ಠ 9.5 ಚದರ ಮೀಟರು ಇರಬೇಕು ಎಂದು ಸಂಹಿತೆ ಹೇಳುತ್ತದೆ. ಕಿಟಕಿ, ಗವಾಕ್ಷಿಗಳೆಲ್ಲ ಸೇರಿ ನೆಲದ ಅಳತೆಯ ಇಂತಿಷ್ಟು ಪಾಲು ಇರಬೇಕೆಂದೂ ಇದೆ: ಸೆಕೆ, ತೇವ ಎರಡೂ ಇರುವ ಕಡೆ ಆರನೇ ಒಂದು, ಒಣ ಬಿಸಿಲಿನ ಸೀಮೆಯಲ್ಲಿ ಹತ್ತನೇ ಒಂದು, ನಡುವಿನ ಹವೆಗೆ ಎಂಟನೇ ಒಂದು. ನಮ್ಮ ಲೆಕ್ಕಕ್ಕೆ 13 ಚದರ ಅಡಿ ಸಾಕಿತ್ತು. ಬೀದಿ ಕಡೆಗೆ ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಕಿಟಕಿ, ಗೋಡೆಯೊಳಗೆ ಮೂರು ಸಾಲು ಪುಸ್ತಕದ ಗೂಡು ಎಂದು ಅವಳು ಗೆದ್ದುಕೊಂಡಳು.

ನೀರು ಕುಡಿಯುವ ತಾರಸಿ

ಮೋಲ್ಡ್ ಆದ ಮರುದಿನದಿಂದ ತಾರಸಿಯ ಮೇಲೆ ಗಾರೆಯ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಸಿಮೆಂಟು ನೀರಿನ ಜೊತೆ ಸೇರಿ ರಾಸಾಯನಿಕ ಕ್ರಿಯೆ ನಡೆದೇ ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಆ ಕ್ರಿಯೆ ಅರ್ಧಕ್ಕೆ ನಿಲ್ಲುತ್ತದೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರಬಾರದು. ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೇ ದಿನ. ಬೆಳಿಗ್ಗೆ ಸಂಜೆ ಪೈಪು ಹಿಡಿಯುವ ಈ ಕೆಲಸ ನಮ್ಮಂಥ ಅಜ್ಜಂದಿರಿಗೆ ಹೇಳಿ ಮಾಡಿಸಿದ್ದು. ಕೆಳಗೆ ಕೊಟ್ಟ ಆಸರೆ ಕಂಬಗಳನ್ನು ಅವಸರದಲ್ಲಿ ತೆಗೆಯಲು ಬಿಡಬೇಡಿ. ನಾಲ್ಕೂವರೆ ಮೀಟರಿನೊಳಗಿನ ತಾರಸಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲದ್ದಕ್ಕೆ 14 ದಿನ ಅವು ನಿಂತಿರಬೇಕು.

ಇದಕ್ಕೆಲ್ಲ ಮೊದಲು ನಾನು ಮಾಡಿಸಿದ ಒಂದು ಕೆಲಸ ಹೇಳಲೇಬೇಕು. ಸಂಪು ಕಟ್ಟಿದ ದಿನವೇ ಅದಕ್ಕೆ ಗಟ್ಟಿ ಮುಚ್ಚಳ ಹಾಕಿಸಿ ಬೀಗ ಜಡಿಸಿದೆ. ಕೆಲಸದವರ ಮೂರು ವರ್ಷದ ಮಗು ಅಲ್ಲೇ ಮರಳಿನ ಗುಡ್ಡೆಯ ಮೇಲೆ ಆಡುತ್ತಿರುತ್ತದೆ. ತೆರೆದ ಸಂಪಿಗೆ ಮಕ್ಕಳು ಬಿದ್ದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಮನೆ ನಮ್ಮದಾದರೂ ಅದು ಮುಗಿಯುವವರೆಗೆ ಅಲ್ಲಿ ಬದುಕುವವರು ಅವರು. ಮಕ್ಕಳೇ, ನೀವೂ ದೊಡ್ಡವರ ಜೊತೆಯಿಲ್ಲದೆ ಕಟ್ಟುತ್ತಿರುವ ಮನೆಯೊಳಗೆ ಹೋಗಬೇಡಿ. ಮೊಳೆ ಇರುತ್ತದೆ, ಕಟಕಟೆಯಿಲ್ಲದ ಮೆಟ್ಟಿಲು ಇರುತ್ತದೆ.

ಈ ವಾರದ ಮನೆಗೆಲಸ

ಒಂದು ಟೇಪು, ಒಂದು ನೋಟುಪುಸ್ತಕ, ಒಬ್ಬರು ಅಜ್ಜ ಅಥವಾ ಅಜ್ಜಿ ಬೇಕು.

ಮೊದಲನೆಯದು, ನಿಮ್ಮ ಮನೆಯ ಮೆಟ್ಟಿಲು ಅಳೆಯಿರಿ. ಒಂದೊಂದು ಮೆಟ್ಟಿಲ ಎತ್ತರ 19 ಸೆಂಟಿಮೀಟರು ಮೀರಬಾರದು, ಕಾಲಿಡುವ ಅಗಲ 25 ಸೆಂಟಿಮೀಟರಿಗೆ ಕಡಿಮೆಯಾಗಬಾರದು. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇವೆಯೇ ನೋಡಿ. ಒಂದು ಮೆಟ್ಟಿಲು ಮಾತ್ರ ಎರಡು ಬೆರಳು ಹೆಚ್ಚಿದ್ದರೆ ಅಜ್ಜಿ ಎಡವುವುದು ಅಲ್ಲೇ. ಅಂಥದ್ದು ಸಿಕ್ಕರೆ ಅದರ ಅಂಚಿಗೆ ಹಳದಿ ಬಣ್ಣ ಬಳಿಯಿರಿ, ಕೈಹಿಡಿ ಹಾಕಿಸಲು ಅಪ್ಪನಿಗೆ ಹೇಳಿ.

ಎರಡನೆಯದು, ತಾರಸಿಯ ಸುತ್ತಲಿನ ಮೋಟುಗೋಡೆ. ಕನಿಷ್ಠ ಒಂದು ಮೀಟರು ಎತ್ತರ ಇರಬೇಕು. ಈ ಅಳತೆಯನ್ನು ದೊಡ್ಡವರೇ ತೆಗೆದುಕೊಳ್ಳಲಿ, ನೀವು ಬರೆದುಕೊಳ್ಳಿ.

ಮೂರನೆಯದು, ನೀವು ಓದುವ ಕೋಣೆಯ ನೆಲ ಎಷ್ಟು ಚದರ ಅಡಿ, ಕಿಟಕಿ ಎಷ್ಟು ಚದರ ಅಡಿ, ಎಷ್ಟನೇ ಒಂದು ಪಾಲು? ಕಡಿಮೆ ಬಂದರೆ ಬೇಸರ ಬೇಡ. ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಳ್ಳಿ, ಅದರ ಮುಂದೆ ಪೇರಿಸಿಟ್ಟ ಡಬ್ಬ, ಚೀಲಗಳನ್ನು ತೆಗೆಯಿರಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ನೀವು ಹುಟ್ಟಿ ಬೆಳೆದ ಮನೆಯ ನಕ್ಷೆಯನ್ನು ನೆನಪಿನಿಂದ ಬರೆದು ಮೊಮ್ಮಕ್ಕಳಿಗೆ ತೋರಿಸಿ. ಜಗಲಿ ಎಲ್ಲಿತ್ತು, ತೊಟ್ಟಿಗೆ ಬಿಸಿಲು ಎಷ್ಟು ಹೊತ್ತಿಗೆ ಬರುತ್ತಿತ್ತು, ಹೆಂಚಿನ ನಡುವಿನ ಬೆಳಕಿಂಡಿಯ ಕೆಳಗೆ ಯಾರು ಕೂತು ಓದುತ್ತಿದ್ದರು ಎಂದು ಹೇಳಿ.

ಮುಂದಿನ ವಾರ ತಾರಸಿಯ ಮೇಲೆ ಬೀಳುವ ಮಳೆಯ ಲೆಕ್ಕ. ಅದಕ್ಕೆ ಈಗಲೇ ಒಂದು ಒಗಟು: ನೂರು ಚದರ ಮೀಟರಿನ ತಾರಸಿಯ ಮೇಲೆ ಹತ್ತು ಮಿಲಿಮೀಟರು ಮಳೆ ಬಿದ್ದರೆ ಎಷ್ಟು ಕೊಡ ನೀರು? ಕೊಡಕ್ಕೆ ಹತ್ತು ಲೀಟರು ಎಂದು ಇಟ್ಟುಕೊಳ್ಳಿ. ಉತ್ತರ ಬರೆದಿಟ್ಟುಕೊಂಡಿರಿ.